ಸಹಾಯ ಕೇಳಿದರೆ ಮರ್ಯಾದೆ ಹೋಗುತ್ತಾ? ಎರಡು ದೇಶಗಳಲ್ಲಿ ಪಾಠ ಮಾಡಿದ ಒಬ್ಬ ಶಿಕ್ಷಕಿಯ ಪ್ರಕರಣ

ಈ ಪ್ರಕರಣದ ಶಿಕ್ಷಕಿಯನ್ನು ವಿಮಲಾ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಊರು, ಶಾಲೆ, ಮನೆಯವರ ವಿವರಗಳನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದ ಮೇಲೆಯೇ ಇಲ್ಲಿ ಹಾಕುತ್ತಿದ್ದೇನೆ. ನಾನು ಶಿಕ್ಷಕರ ಜೊತೆ ಕೆಲಸ ಮಾಡುವ ಆಪ್ತ ಸಮಾಲೋಚಕಿ.

ಶಿಕ್ಷಕರ ಮಾನಸಿಕ ಆರೋಗ್ಯವನ್ನು ದೇಶದಿಂದ ದೇಶಕ್ಕೆ ಹೋಲಿಸುವ ಬರಹಗಳು ಬೇಕಾದಷ್ಟಿವೆ. ಅವುಗಳಲ್ಲಿ ದೇಶವೂ ಬೇರೆ, ಮನುಷ್ಯರೂ ಬೇರೆ. ಯಾವುದರಿಂದ ಏನಾಯಿತು ಅಂತ ಬಿಡಿಸಿ ನೋಡುವುದು ಕಷ್ಟ. ಇಲ್ಲಿ ಶಿಕ್ಷಕಿ ಒಬ್ಬರೇ, ವಿಷಯವೂ ಒಂದೇ. ಬದಲಾದದ್ದು ಶಾಲೆ ಮತ್ತು ದೇಶ. ಕರ್ನಾಟಕದಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಕಾಲ ದೊಡ್ಡ ಹೊರೆ ಹೊತ್ತು ನಿಂತವರು, ಕಾಗದದ ಮೇಲೆ ಹೊರೆ ಕಡಿಮೆ ಇದ್ದ ಇಂಗ್ಲೆಂಡಿನ ಶಾಲೆಯಲ್ಲಿ ಒಂದು ಟರ್ಮ್ ಮುಗಿಯುವ ಮೊದಲೇ ಕುಸಿದರು. ಯಾಕೆ ಅನ್ನುವುದೇ ಈ ಬರಹದ ವಿಷಯ.

ಹಿನ್ನೆಲೆ

ವಿಮಲಾ ಮಧ್ಯ ಕರ್ನಾಟಕದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ, ಗಣಿತ ಹೇಳಿಕೊಡುತ್ತಿದ್ದರು. ತರಗತಿಯಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು. ಹತ್ತನೇ ತರಗತಿಗೆ ಬೆಳಗ್ಗೆ ಪ್ರೇಯರ್‌ಗೆ ಮೊದಲೇ ವಿಶೇಷ ತರಗತಿ, ಸಂಜೆ ಮತ್ತೊಂದು. ನಡುವೆ ಸ್ಯಾಟ್ಸ್ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ ಮಕ್ಕಳ ಮಾಹಿತಿ ತುಂಬಬೇಕು, ವಿದ್ಯಾರ್ಥಿವೇತನದ ಅರ್ಜಿ ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು. ಚುನಾವಣೆ ಬಂದರೆ ಮತಗಟ್ಟೆಗೆ ಹೋಗಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರಿಗೆ ಬೋಧನೆಯಲ್ಲದ ಕೆಲಸ ಹಚ್ಚಬಾರದು ಅನ್ನುತ್ತದೆ ನಿಜ. ಆದರೆ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯನ್ನು ಅದೇ ಸೆಕ್ಷನ್ ಹೊರಗಿಟ್ಟಿದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಕಡಿಮೆ ಬಂದರೆ ನೋಟಿಸಿನ ಭಯ. ಹೆಡ್‌ಮಾಸ್ಟರು ಎಲ್ಲರ ಎದುರಿಗೇ ಗದರುತ್ತಿದ್ದರು. ಗಂಟಲು ನೋವು, ಗ್ಯಾಸ್ಟ್ರಿಕ್ ಎರಡೂ ವಿಮಲಾ ಅವರಿಗೆ ಖಾಯಂ ಆಗಿದ್ದವು.

ಆದರೆ ರಾತ್ರಿ ನಿದ್ದೆ ಬರುತ್ತಿತ್ತು. ಯಾಕೆಂದರೆ ಬೇರೆ ಕೆಲವು ಸಂಗತಿಗಳು ಅವರನ್ನು ಹಿಡಿದು ನಿಲ್ಲಿಸಿದ್ದವು. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಗಳು ಎಲ್ಲರವೂ ಆಗಿರುತ್ತಿದ್ದವು. ಹೆಡ್‌ಮಾಸ್ಟರು ಬೈದ ದಿನ ಅಲ್ಲೇ ಅವರನ್ನು ಅಣಕಿಸಿ ನಕ್ಕು ಹಗುರಾಗುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಯ ತಾಯಿ ಸಿಕ್ಕರೆ, "ಮೇಡಂ, ನೀವು ಕಲಿಸಿದ್ದಕ್ಕೇ ನಮ್ಮ ಹುಡುಗ ಡಿಪ್ಲೊಮಾ ಮುಗಿಸಿದ" ಅನ್ನುತ್ತಿದ್ದರು. ತರಗತಿಯಲ್ಲಿ ಗಲಾಟೆ ಆದರೆ ಒಂದು ಸಲ ತಿರುಗಿ ನೋಡಿದರೆ ಸಾಕಿತ್ತು.

ಅಲ್ಲಿ ಒಂದು ಅಲಿಖಿತ ನಿಯಮವೂ ಇತ್ತು. ಮಕ್ಕಳ ಗಲಾಟೆ ತಡೆಯಲಾಗದೆ ಹೆಡ್‌ಮಾಸ್ಟರ ಹತ್ತಿರ ಕಳಿಸುವ ಶಿಕ್ಷಕರಿಗೆ "ಕ್ಲಾಸ್ ಕಂಟ್ರೋಲ್ ಇಲ್ಲ" ಎಂಬ ಹಣೆಪಟ್ಟಿ ಬೀಳುತ್ತಿತ್ತು. ಪಾಠ ಸುಮಾರಾದರೂ ನಡೆಯುತ್ತದೆ, ಈ ಹೆಸರು ಮಾತ್ರ ಬರಬಾರದು. ಹೊಸದಾಗಿ ಸೇರಿದ್ದ ಒಬ್ಬ ಮೇಷ್ಟ್ರಿಗೆ ಈ ಹೆಸರು ಬಂದು, ಅವರು ಶಾಲೆ ಬಿಡುವವರೆಗೂ ಹೋಗಲಿಲ್ಲ. ವಿಮಲಾ ಅದನ್ನು ಕಣ್ಣಾರೆ ಕಂಡಿದ್ದರು. ಈ ಮಾತು ಮುಂದೆ ಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ಭೌತಶಾಸ್ತ್ರ ಶಿಕ್ಷಕರ ಕೊರತೆ ಹಳೆಯದು. 2023ರ ಫೆಬ್ರವರಿಯಿಂದ ಭಾರತವೂ ಸೇರಿ ಇನ್ನಷ್ಟು ದೇಶಗಳ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರು ಅಲ್ಲಿನ ಶಿಕ್ಷಕ ಅರ್ಹತೆಗೆ ನೇರವಾಗಿ ಅರ್ಜಿ ಹಾಕುವ ದಾರಿ ತೆರೆಯಿತು. ಅದೇ ವರ್ಷ ಹೊರದೇಶದಿಂದ ಬರುವ ಭೌತಶಾಸ್ತ್ರ ಮತ್ತು ಭಾಷಾ ಶಿಕ್ಷಕರಿಗೆ 10,000 ಪೌಂಡ್ ಸ್ಥಳಾಂತರ ಧನವನ್ನೂ ಸರ್ಕಾರ ಘೋಷಿಸಿತು. ವಿಮಲಾ ಅವರ ಗಂಡನ ಕೆಲಸ ಹೋಗಿತ್ತು, ಮನೆ ಸಾಲ ಇತ್ತು. ಮೊದಲು ಅವರೊಬ್ಬರೇ ಹೋಗುವುದು, ಗಂಡ ಮತ್ತು ಮಗ ಆಮೇಲೆ ಬರುವುದು ಎಂದು ತೀರ್ಮಾನವಾಯಿತು. ಸೆಪ್ಟೆಂಬರಿನಲ್ಲಿ ಉತ್ತರ ಇಂಗ್ಲೆಂಡಿನ ಒಂದು ಪ್ರೌಢಶಾಲೆ ಸೇರಿಕೊಂಡರು.

ಸಮಸ್ಯೆ

ನಿಯಮಗಳನ್ನು ನೋಡಿದರೆ ಹೊಸ ಕೆಲಸ ಸುಖದ್ದೇ. ಅಲ್ಲಿನ ಸರ್ಕಾರಿ ವೇತನ ನಿಯಮ ಪಾಲಿಸುವ ಶಾಲೆಗಳಲ್ಲಿ ಶಿಕ್ಷಕರನ್ನು ಶಾಲೆ ಹೇಳಿದ ಕೆಲಸಕ್ಕೆ ವರ್ಷಕ್ಕೆ 195 ದಿನ, 1,265 ಗಂಟೆಗಿಂತ ಹೆಚ್ಚು ಕರೆಯುವಂತಿಲ್ಲ. ಪಾಠದ ಅವಧಿಯ ಕನಿಷ್ಠ ಶೇಕಡಾ 10ರಷ್ಟು ಸಮಯವನ್ನು ತಯಾರಿಗೆ ಬಿಡಬೇಕು. ತರಗತಿಯಲ್ಲಿ ಇದ್ದದ್ದು ಇಪ್ಪತ್ತೆಂಟು ಮಕ್ಕಳು. ಪ್ರಯೋಗದ ಸಾಮಾನು ಜೋಡಿಸಿಕೊಡಲು ಪ್ರತ್ಯೇಕ ಲ್ಯಾಬ್ ಟೆಕ್ನೀಷಿಯನ್. ಮೊದಲ ವಾರ ಟೆಕ್ನೀಷಿಯನ್ ಟ್ರಾಲಿ ತಳ್ಳಿಕೊಂಡು ಬಂದಾಗ ವಿಮಲಾ ಅದರ ಫೋಟೊ ತೆಗೆದು ಹಳೆಯ ಸ್ಟಾಫ್ ರೂಮಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು.

ಕಷ್ಟ ಶುರುವಾದದ್ದು ಒಂಬತ್ತನೇ ವರ್ಷದ ಒಂದು ತರಗತಿಯಲ್ಲಿ. ಹದಿಮೂರು-ಹದಿನಾಲ್ಕರ ಮಕ್ಕಳು, ದಿನದ ಕೊನೆಯ ಪೀರಿಯಡ್ಡು. ಅವರು ಒಂದು ವಾಕ್ಯ ಹೇಳಿದರೆ ಹಿಂದಿನ ಬೆಂಚಿನಿಂದ ಅದೇ ವಾಕ್ಯ ಅವರದೇ ಉಚ್ಚಾರಣೆಯಲ್ಲಿ ವಾಪಸ್ ಬರುತ್ತಿತ್ತು. ತಿರುಗಿ ನೋಡಿದರೆ ಏನೂ ಆಗುತ್ತಿರಲಿಲ್ಲ. ದನಿ ಏರಿಸಿದರೆ ಒಬ್ಬ ಹುಡುಗಿ "ಮಿಸ್, ಯಾಕೆ ಕೂಗ್ತೀರಿ?" ಎಂದು ಕೇಳಿದಳು. ಹತ್ತು ವರ್ಷ ಕೈಯಲ್ಲಿದ್ದ ಆಯುಧಗಳೆಲ್ಲ ಒಂದೇ ವಾರದಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸಿದವು.

ಶಾಲೆಗೆ ತನ್ನದೇ ವ್ಯವಸ್ಥೆ ಇತ್ತು. ಮೊದಲ ಎಚ್ಚರಿಕೆ, ಎರಡನೇ ಎಚ್ಚರಿಕೆ, ಆಮೇಲೆ ಕಂಪ್ಯೂಟರಿನಲ್ಲಿ ಒಂದು ಗುಂಡಿ. ಒತ್ತಿದರೆ ಹಿರಿಯ ಶಿಕ್ಷಕರೊಬ್ಬರು ಬಂದು ಆ ವಿದ್ಯಾರ್ಥಿಯನ್ನು ಬೇರೆ ಕೋಣೆಗೆ ಕರೆದೊಯ್ಯುತ್ತಾರೆ. ವಿಮಲಾ ಆ ಗುಂಡಿಯನ್ನು ಒತ್ತಲೇ ಇಲ್ಲ.

ಮುನ್ಸೂಚನೆ ಇಲ್ಲದ ಭೇಟಿಗಳು ಅವರನ್ನು ಇನ್ನಷ್ಟು ಅಲುಗಿಸಿದವು. ನಮ್ಮಲ್ಲಿ ಬಿಇಒ ಬರುತ್ತಾರೆಂದರೆ ಮೊದಲೇ ಗೊತ್ತಾಗುತ್ತದೆ, ಬೋರ್ಡಿನ ಮೇಲೆ ಚಿತ್ತಾರವೂ ಮೂಡುತ್ತದೆ. ಅಲ್ಲಿ ಹಿರಿಯರು ಟ್ಯಾಬ್ ಹಿಡಿದು ಪಾಠದ ಮಧ್ಯೆ ಒಳಗೆ ಬಂದು, ಹತ್ತು ನಿಮಿಷ ನಿಂತು, ಹೋಗುತ್ತಿದ್ದರು. ಆಮೇಲೆ ಬಹಳ ಸೌಮ್ಯವಾದ ಒಂದು ಇಮೇಲ್. "ನಿಮಗೆ ಸ್ವಲ್ಪ ಬೆಂಬಲ ಬೇಕೇ?" ವಿಮಲಾ ಅದನ್ನು ಮೆಮೊ ಎಂದೇ ಓದಿದರು. ಅವರ ಭಯ ಪೂರ್ತಿ ಸುಳ್ಳೂ ಅಲ್ಲ. ಕೆಲವು ಶಾಲೆಗಳಲ್ಲಿ ಬೆಂಬಲ ಯೋಜನೆ ಎಂಬುದು ಅಸಮರ್ಥತೆಯ ವಿಚಾರಣೆಗೆ ಮೊದಲ ಮೆಟ್ಟಿಲಾಗುವುದೂ ಉಂಟು.

ಇದರ ಕೆಳಗೆ ಇನ್ನೊಂದು ಭಾರ ಇತ್ತು. ಅವರ ವೀಸಾ ಆ ಶಾಲೆಗೆ ಅಂಟಿಕೊಂಡಿತ್ತು. ಪ್ರಾಯೋಜಕತ್ವ ಹೋದರೆ ಹೊಸದನ್ನು ಹುಡುಕಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಸ್ಥಳೀಯ ಶಿಕ್ಷಕರಿಗೆ ಕೆಟ್ಟ ತರಗತಿ ಎಂದರೆ ಕೆಟ್ಟ ತರಗತಿ, ಅಷ್ಟೇ. ವಿಮಲಾ ಅವರಿಗೆ ಅದರ ಹಿಂದೆ ಮನೆ ಸಾಲ, ಮಗನ ಶಾಲೆ, ಊರಿನವರ ಬಾಯಿ ಎಲ್ಲ ಸಾಲಾಗಿ ನಿಂತಿದ್ದವು.

ನವೆಂಬರ್ ಹೊತ್ತಿಗೆ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು. ಭಾನುವಾರ ಸಂಜೆ ಹೊಟ್ಟೆ ತೊಳೆಸುತ್ತಿತ್ತು. ವಿಡಿಯೊ ಕಾಲ್‌ನಲ್ಲಿ ಮನೆಯವರಿಗೆ "ಚೆನ್ನಾಗಿದೀನಿ" ಎಂದು ಹೇಳಿ ಮುಗಿಸುತ್ತಿದ್ದರು.

ಮಾಡಿ ನೋಡಿದ್ದು

ಮೊದಲು ಅವರು ಮಾಡಿದ್ದು ತಯಾರಿ ಹೆಚ್ಚಿಸಿದ್ದು. ರಾತ್ರಿ ಒಂದರವರೆಗೆ ವರ್ಕ್‌ಶೀಟ್, ಸ್ಲೈಡು. ಒಳ್ಳೆಯ ಶಿಕ್ಷಕರು ಕಷ್ಟ ಬಂದಾಗ ಮಾಡುವುದೇ ಇದು. ಆದರೆ ತೊಂದರೆ ಇದ್ದದ್ದು ಪಾಠದಲ್ಲಲ್ಲ. ನಿದ್ದೆಗೆಟ್ಟು ತರಗತಿಗೆ ಹೋದರೆ ತಾಳ್ಮೆ ಇನ್ನೂ ಬೇಗ ಮುಗಿಯುತ್ತಿತ್ತು.

ಶಾಲೆಯೂ ಸುಮ್ಮನಿರಲಿಲ್ಲ. ಶುಕ್ರವಾರ ಸ್ಟಾಫ್ ರೂಮಿನಲ್ಲಿ ಕೇಕ್, ಬುಧವಾರ ಶಾಲೆ ಬಿಟ್ಟ ಮೇಲೆ ಧ್ಯಾನದ ತರಗತಿ, ಫೋನಿಗೊಂದು ಆ್ಯಪ್. ಧ್ಯಾನದ ತರಗತಿಗೆ ಹೋದರೆ ಅಷ್ಟು ಹೊತ್ತು ನೋಟ್‌ಬುಕ್ ತಿದ್ದುವುದು ರಾತ್ರಿಗೆ ಬೀಳುತ್ತಿತ್ತು. ಕೆಲಸದ ಏರ್ಪಾಟನ್ನು ಮುಟ್ಟದೆ ಶಿಕ್ಷಕರನ್ನು ಮಾತ್ರ ಗಟ್ಟಿ ಮಾಡುವ ಇಂಥ ಕಾರ್ಯಕ್ರಮಗಳ ಬಗ್ಗೆ ನನಗೆ ಅಷ್ಟಾಗಿ ನಂಬಿಕೆ ಇಲ್ಲ. ನಮ್ಮಲ್ಲೂ ಒತ್ತಡ ನಿರ್ವಹಣೆಯ ಒಂದು ದಿನದ ತರಬೇತಿ ಕೊಟ್ಟು, ಹೋಗಿ ಬಂದದ್ದಕ್ಕೆ ವರದಿ ಬರೆಸುವುದುಂಟು.

ಆ ದೇಶದಲ್ಲಿರುವ ಕನ್ನಡಿಗ ಶಿಕ್ಷಕರ ವಾಟ್ಸಾಪ್ ಗುಂಪಿನಿಂದ ಅರ್ಧ ಉಪಯೋಗವಾಯಿತು. ತಾನೊಬ್ಬಳೇ ಅಲ್ಲ ಅಂತ ತಿಳಿಯಿತು. ಹಾಗೆಯೇ ಕೆಲಸ ಕಳೆದುಕೊಂಡವರ ಕತೆಗಳನ್ನು ಓದಿ ಭಯವೂ ಜಾಸ್ತಿಯಾಯಿತು. ಅದೇ ಗುಂಪಿನ ಒಬ್ಬರು ನನ್ನ ನಂಬರ್ ಕೊಟ್ಟರು. ಡಿಸೆಂಬರಿನಲ್ಲಿ, ಅಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುವ ಕಾಲದಲ್ಲಿ, ಅವರು ಫೋನ್ ಮಾಡಿದರು.

ಮೊದಲ ಮಾತುಕತೆಯಲ್ಲೇ ಒಂದು ನಿರ್ಧಾರ ಮಾಡಬೇಕಾಯಿತು. "ಬೆಳಗ್ಗೆ ಏಳದೇ ಇದ್ದರೆ ಚೆನ್ನಾಗಿರುತ್ತಿತ್ತು ಅನಿಸುತ್ತೆ ಮೇಡಂ" ಎಂದು ಅವರು ಹೇಳಿದರು. ಇಂಥ ಮಾತನ್ನು ಮಾತಿಗೆ ಹೇಳಿದ್ದು ಅಂತ ದಾಟಿಸಬಾರದು. ನೇರವಾಗಿ ಕೇಳಿದೆ. ಸಾಯುವ ಯೋಜನೆ ಏನೂ ಇರಲಿಲ್ಲ, ಆದರೆ ಆಸೆ ಆಗಾಗ ಸುಳಿಯುತ್ತಿತ್ತು. ದೂರದಿಂದ ನಾನು ಮಾತಾಡಿದರೆ ಸಾಲದು, ಆ ವಾರವೇ ಅಲ್ಲಿನ ವೈದ್ಯರನ್ನು ನೋಡಬೇಕು ಎಂದು ಹೇಳಿದೆ. ಅವರು ಹಿಂಜರಿದರು. ಖಿನ್ನತೆ ಎಂದು ದಾಖಲಾದರೆ ವೀಸಾಕ್ಕೆ ತೊಂದರೆ, ಶಾಲೆಗೆ ಗೊತ್ತಾಗುತ್ತದೆ ಎಂಬ ಭಯ. ವೈದ್ಯರ ದಾಖಲೆ ಶಾಲೆಯ ಕೈಗೆ ಹೋಗುವುದಿಲ್ಲ ಎಂಬುದನ್ನು ಬೇರೆಯವರ ಬಾಯಿಂದಲೂ ಕೇಳಲಿ ಅಂತ ಎಜುಕೇಶನ್ ಸಪೋರ್ಟ್ ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿಸಿದೆ. ಬ್ರಿಟನ್ನಿನ ಶಿಕ್ಷಕರಿಗಾಗಿಯೇ ಹಗಲೂ ರಾತ್ರಿ ಉಚಿತವಾಗಿ ನಡೆಯುವ ಸಹಾಯವಾಣಿ ಅದು. ಆಮೇಲೆ ವೈದ್ಯರನ್ನು ನೋಡಿದರು. ಮಾತ್ರೆ ಶುರುವಾಯಿತು. ಗಂಡನಿಗೂ ವಿಷಯ ಹೇಳಿದರು. ಗಂಡ ಬೈಯುತ್ತಾರೆ ಅಂದುಕೊಂಡಿದ್ದರಂತೆ. "ಸಾಲ ಹೆಂಗೋ ತೀರ್ಸೋಣ, ಬೇಕಾದ್ರೆ ಬಂದ್ಬಿಡು" ಅಂದರಂತೆ.

ತಿರುವು

ನಿದ್ದೆ ಸ್ವಲ್ಪ ಸುಧಾರಿಸಿದ ಮೇಲೆ ಎರಡೂ ಶಾಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. ಯಾವುದು ಭಾರ, ಭಾರ ಹೊರಲು ಯಾವುದು ಆಸರೆ ಅಂತ ಬರೆಯುವುದು. ಕೆಲಸದ ಬೇಡಿಕೆ ಮತ್ತು ಕೆಲಸದ ಸಂಪನ್ಮೂಲ ಎಂಬ ಈ ಮಾದರಿಯನ್ನು ಎವಾಂಜೆಲಿಯಾ ಡೆಮೆರೂಟಿ ಮತ್ತು ಸಂಗಡಿಗರು 2001ರಲ್ಲಿ ಮುಂದಿಟ್ಟರು. ಭಾರ ಜಾಸ್ತಿ ಇದ್ದ ಮಾತ್ರಕ್ಕೆ ಜನ ಕುಸಿಯುವುದಿಲ್ಲ, ಆಸರೆ ಎಷ್ಟಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಎಂಬುದು ಅದರ ಸಾರ. ಊರಿನ ಶಾಲೆಯ ಆಸರೆಗಳನ್ನು ವಿಮಲಾ ಬೇಗ ಬರೆದರು. ಇಂಗ್ಲೆಂಡಿನ ಕಡೆ ಬಂದಾಗ ಲ್ಯಾಬ್ ಟೆಕ್ನೀಷಿಯನ್ ಎಂದು ಬರೆದು ನಿಂತರು.

ಆ ಗುಂಡಿ ಯಾಕೆ ಪಟ್ಟಿಯಲ್ಲಿ ಇಲ್ಲ ಎಂದು ಕೇಳಿದೆ.

"ಅದನ್ನ ಒತ್ತಿದರೆ ಕ್ಲಾಸ್ ಕಂಟ್ರೋಲ್ ಇಲ್ಲ ಅಂತಾರೆ ಮೇಡಂ."

"ಯಾರು ಅಂತಾರೆ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಮ್ಮ ಎಚ್‌ಎಂ."

ಆ ಎಚ್‌ಎಂ ಏಳೆಂಟು ಸಾವಿರ ಕಿಲೋಮೀಟರ್ ದೂರದಲ್ಲಿದ್ದರು. ನಿವೃತ್ತಿಯೂ ಆಗಿದ್ದರು. ಅಲ್ಲಿಯವರೆಗೆ ನಾವಿಬ್ಬರೂ ಇದನ್ನು ಇಂಗ್ಲಿಷ್ ಮಕ್ಕಳ ಸಮಸ್ಯೆ ಎಂಬಂತೆ ಮಾತಾಡುತ್ತಿದ್ದೆವು. ಅದು ಅರ್ಧ ನಿಜ. ಉಳಿದರ್ಧ, ಸಹಾಯ ಕೇಳುವವರು ಕೈಲಾಗದವರು ಎಂಬ ಹಳೆಯ ಶಾಲೆಯ ನಿಯಮ.

ಮುಂದಿನ ಹೆಜ್ಜೆ ಚಿಕ್ಕದು. ಬೇರೆ ಶಿಕ್ಷಕರು ಆ ಗುಂಡಿಯನ್ನು ಎಷ್ಟು ಸಲ ಒತ್ತುತ್ತಾರೆ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳುವುದು. ಈ ಒಂದು ಪ್ರಶ್ನೆ ಕೇಳಲು ವಿಮಲಾ ಒಂದು ವಾರ ತಗೊಂಡರು. ಮುಖ್ಯಸ್ಥರು ನಕ್ಕು, ಆ ವಾರ ತಾನೇ ಒತ್ತಿದ್ದಾಗಿ ಹೇಳಿದರಂತೆ. ಅಷ್ಟೇ ಅಲ್ಲ, ವಿಮಲಾ ಒಮ್ಮೆಯೂ ಒತ್ತದೇ ಇದ್ದದ್ದರಿಂದ ಆ ತರಗತಿ ಚೆನ್ನಾಗಿ ನಡೆಯುತ್ತಿದೆ ಎಂದೇ ಶಾಲೆಯ ದಾಖಲೆ ಹೇಳುತ್ತಿತ್ತು. ಬೆಂಬಲದ ಇಮೇಲ್ ಕಳಿಸಿದವರು ಉತ್ತರ ಬಾರದಿದ್ದಾಗ ಸುಮ್ಮನಾಗಿದ್ದರು. ಸುಮ್ಮನಿದ್ದಾರೆ ಎಂದರೆ ಬೇಡ ಎಂದರ್ಥ, ಅವರ ಲೆಕ್ಕದಲ್ಲಿ. ಹಿರಿಯರು ಒಂದು ಸಲ ಕೇಳಿದಾಗ ಬೇಡ ಅನ್ನುವುದು, ಅವರು ಮತ್ತೆ ಒತ್ತಾಯಿಸುವುದು, ಆಮೇಲೆ ಒಪ್ಪಿಕೊಳ್ಳುವುದು ನಮ್ಮ ಕ್ರಮ ಅಲ್ವಾ? ಅಲ್ಲಿ ಯಾರೂ ಎರಡನೇ ಸಲ ಕೇಳಲಿಲ್ಲ.

ಎರಡನೇ ತಿರುವು ಶಿಕ್ಷಕರ ಸಂಘದ ಪ್ರತಿನಿಧಿಯಿಂದ ಬಂತು. ಉಚ್ಚಾರಣೆ ಅಣಕಿಸುವುದನ್ನು ವಿಮಲಾ ಹುಡುಗಾಟ ಎಂದೇ ವಿವರಿಸಿದ್ದರು. ಪ್ರತಿನಿಧಿ ತಡೆದು, ಇದು ಜನಾಂಗೀಯ ಹೀಯಾಳಿಕೆ, ಹಾಗೆಂದೇ ದಾಖಲಾಗಬೇಕು ಎಂದರು. ವಿಮಲಾ ಒಪ್ಪಲಿಲ್ಲ. ಮಕ್ಕಳ ಮೇಲೆ ಅಂಥ ದೂರು ಬರೆಯಲು ಮನಸ್ಸಿರಲಿಲ್ಲ. ಎರಡು ದಿನ ಯೋಚಿಸಿ ಬರೆದರು. ಅಣಕಿಸುತ್ತಿದ್ದ ಇಬ್ಬರು ಹುಡುಗರ ಮನೆಗೆ ಶಾಲೆಯಿಂದ ಫೋನ್ ಹೋಯಿತು, ಪೋಷಕರು ಬಂದರು. ಶಿಕ್ಷೆ ಎಷ್ಟಾಯಿತು ಅನ್ನುವುದಕ್ಕಿಂತ, ಇದು ನಿಮ್ಮ ತಪ್ಪಲ್ಲ ಎಂದು ಶಾಲೆ ಬರೆದು ಕೊಟ್ಟದ್ದು ಅವರಿಗೆ ದೊಡ್ಡದಾಗಿತ್ತು.

ಅದೇ ಪ್ರತಿನಿಧಿ ಒತ್ತಡದ ಅಪಾಯದ ಮೌಲ್ಯಮಾಪನ ಮಾಡಿಸಿದರು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತೆಯ ಪ್ರಾಧಿಕಾರ ಇದಕ್ಕೆ ಆರು ಅಂಶ ಗುರುತಿಸಿದೆ: ಕೆಲಸದ ಹೊರೆ, ಕೆಲಸದ ಮೇಲೆ ತನಗಿರುವ ಹಿಡಿತ, ಬೆಂಬಲ, ಸಂಬಂಧಗಳು, ಪಾತ್ರದ ಸ್ಪಷ್ಟತೆ ಮತ್ತು ಬದಲಾವಣೆ. ನಿಮಗೆ ಹೇಗನಿಸುತ್ತಿದೆ ಎಂದು ಈ ಮೌಲ್ಯಮಾಪನ ಕೇಳುವುದಿಲ್ಲ. ಕೆಲಸದಲ್ಲಿ ಏನು ಕೆಟ್ಟಿದೆ, ಯಾರು ಯಾವಾಗ ಸರಿಮಾಡುತ್ತಾರೆ ಎಂದು ಕೇಳುತ್ತದೆ. ಮನಸ್ಸಿನ ವಿಷಯ ಹೇಳಿಕೊಳ್ಳಲು ನಾಚುವವರಿಗೆ ಈ ದಾರಿ ಸುಲಭ.

ಆ ತರಗತಿಯನ್ನೇ ಬೇರೆಯವರಿಗೆ ಕೊಡುತ್ತೇವೆ ಎಂದು ಶಾಲೆ ಮುಂದೆ ಬಂತು. ಇಲ್ಲಿ ನಾವು ಬಹಳ ಹೊತ್ತು ಚರ್ಚಿಸಿದೆವು. ಬಿಟ್ಟುಕೊಟ್ಟರೆ ತಕ್ಷಣ ಹಗುರ. ಆದರೆ ಸೋತೆ ಎಂಬ ಭಾವ ಉಳಿದ ತರಗತಿಗಳಿಗೂ ಹರಡಬಹುದು. ವಿಮಲಾ ತರಗತಿ ಉಳಿಸಿಕೊಂಡರು, ಆದರೆ ಷರತ್ತು ಹಾಕಿ. ಮೊದಲ ಹತ್ತು ನಿಮಿಷ ಇನ್ನೊಬ್ಬ ಶಿಕ್ಷಕರು ಒಳಗಿರಬೇಕು. ಯಾರು ಎಲ್ಲಿ ಕೂರಬೇಕು ಎಂಬುದನ್ನು ಒಂಬತ್ತನೇ ವರ್ಷದ ತರಗತಿಗಳ ಮುಖ್ಯಸ್ಥರೇ ಗೊತ್ತುಮಾಡಬೇಕು. ಎರಡು ಎಚ್ಚರಿಕೆ ಆದ ಮೇಲೆ ಗುಂಡಿ ಒತ್ತುವುದು ಅವರ ಇಷ್ಟಕ್ಕೆ ಬಿಟ್ಟದ್ದಲ್ಲ, ಕರ್ತವ್ಯ. ಈ ಕೊನೆಯದು ಅವರೇ ಬರೆಸಿದ್ದು.

ಆಮೇಲೆ

ಈಸ್ಟರ್ ಹೊತ್ತಿಗೆ ಬೆಳಗ್ಗೆ ಆರರವರೆಗೆ ನಿದ್ದೆ ಬರುತ್ತಿತ್ತು. ತರಗತಿ ಬಂಗಾರವೇನೂ ಆಗಲಿಲ್ಲ. ಮೂವರು ಮಕ್ಕಳು ವರ್ಷದ ಕೊನೆಯವರೆಗೂ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ವಿದ್ಯುತ್ ಸರ್ಕ್ಯೂಟಿನ ಪಾಠದಲ್ಲಿ ಮಾತು ಕಡಿಮೆ ಮಾಡಿ ಸಾಮಾನು ಕೈಗೆ ಕೊಟ್ಟಾಗ ಉಳಿದವರು ಕೆಲಸಕ್ಕೆ ಕೂತರು. ಬೇಸಿಗೆಯಲ್ಲಿ ಗಂಡ, ಮಗ ಬಂದರು. ಎರಡನೇ ವರ್ಷದ ಕೊನೆಗೆ ವೀಸಾ ಪ್ರಾಯೋಜಿಸುವ ಇನ್ನೊಂದು ಶಾಲೆಗೆ ತಾವಾಗಿಯೇ ಹೋದರು. ವೈದ್ಯರು ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಭಾನುವಾರ ಸಂಜೆ ಮಾತ್ರ ಈಗಲೂ ಸ್ವಲ್ಪ ಭಾರವೇ.

ಈ ಪ್ರಕರಣ ತೋರಿಸುವುದು

ಶಿಕ್ಷಕರ ಒತ್ತಡ ಎಂದ ಕೂಡಲೇ ನಾವು ಗಂಟೆ ಎಣಿಸುತ್ತೇವೆ. ಗಂಟೆ ಮುಖ್ಯವೇ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ 2018ರ ಟಾಲಿಸ್ ಎಂಬ ಶಿಕ್ಷಕರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಜಪಾನಿನ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು, ಸಮೀಕ್ಷೆಯಲ್ಲಿದ್ದ ದೇಶಗಳ ಸರಾಸರಿ ಸುಮಾರು 38. ಜಪಾನಿನಲ್ಲಿ 1971ರ ಕಾನೂನು ಓವರ್‌ಟೈಮ್ ಬದಲು ಸಂಬಳದ 4% ಮಾತ್ರ ಸೇರಿಸಿ ಕೈ ತೊಳೆದುಕೊಂಡಿತ್ತು. ಅದೇ ಸಮೀಕ್ಷೆಯಲ್ಲಿ, ಸಮಾಜ ನಮ್ಮ ವೃತ್ತಿಗೆ ಬೆಲೆ ಕೊಡುತ್ತದೆ ಎಂದ ಶಿಕ್ಷಕರು ವಿಯೆಟ್ನಾಮಿನಲ್ಲಿ 92%, ಫಿನ್ಲೆಂಡಿನಲ್ಲಿ 58%, ಸದಸ್ಯ ದೇಶಗಳ ಸರಾಸರಿ ಕೇವಲ 26%. ವಿಮಲಾ ದಾಟಿದ್ದು ಈ ಎರಡನೇ ಬಗೆಯ ಅಂತರವನ್ನು. ಗೌರವ ತಾನಾಗಿ ಸಿಗುವ ಕಡೆಯಿಂದ, ಪ್ರತಿ ಪೀರಿಯಡ್ಡಿನಲ್ಲೂ ಗಳಿಸಬೇಕಾದ ಕಡೆಗೆ.

ಇದನ್ನು ಓದಿ ನಮ್ಮ ಶಾಲೆಗಳೇ ವಾಸಿ ಅಂದುಕೊಂಡರೆ ತಪ್ಪಾಗುತ್ತದೆ. ಗೌರವದ ಆಸರೆ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಖಾಯಂ ಶಿಕ್ಷಕಿಗೆ ಎದ್ದು ನಿಲ್ಲುವ ಊರು, ಅತಿಥಿ ಶಿಕ್ಷಕಿಗೆ ಸಂಬಳ ಬಂತಾ ಎಂದು ಕೇಳುತ್ತದೆ. ಆ ಹೊಸ ಮೇಷ್ಟ್ರಿಗೆ ಒತ್ತಲು ಗುಂಡಿಯೇ ಇರಲಿಲ್ಲ. ಅವರಂಥವರು ನನ್ನ ಹತ್ತಿರ ಬರುವ ಹೊತ್ತಿಗೆ ಬಿಪಿ ಎಂದು ರಜೆ ಹಾಕಿರುತ್ತಾರೆ, ಇಲ್ಲವೇ ವರ್ಗಾವಣೆಗೆ ಅರ್ಜಿ ಕೊಟ್ಟಿರುತ್ತಾರೆ. ತರಗತಿಯ ವಿಷಯ ಮೂರನೇ ಭೇಟಿಯಲ್ಲಿ ಬಾಯಿಗೆ ಬರುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಇದೆ, ಅದಕ್ಕೆ ಫೋನ್ ಮಾಡಬಹುದು. ಆದರೆ ಫೋನ್ ಮಾಡಿದವರು ಮರುದಿನ ವಾಪಸ್ ಹೋಗುವುದು ಅದೇ ತರಗತಿಗೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ, ಕೆಲಸದ ಒತ್ತಡ ಹೆಚ್ಚಾಗಿ ಬಸವಳಿಯುವ ಸ್ಥಿತಿಯಾದ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಕರೆಯದೆ ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿದೆ. ಶಾಲೆ ನಡೆಸುವವರು ಅದನ್ನು ಓದಿಕೊಂಡರೆ ಒಳ್ಳೆಯದು.

ಹೊರದೇಶದ ಶಿಕ್ಷಕರನ್ನು ಕರೆಸಿಕೊಳ್ಳುವ ಶಾಲೆಗಳು ಎರಡನೇ ಸಲ ಕೇಳುವುದನ್ನು ಕಲಿಯಬೇಕು. ಗುಂಡಿ ಎಲ್ಲಿದೆ ಎಂದು ತೋರಿಸಿದರೆ ಸಾಲದು. ಮುಖ್ಯಸ್ಥರು ತಾವು ಅದನ್ನು ಒತ್ತುವುದನ್ನು ಮೊದಲ ವಾರದಲ್ಲೇ ಹೊಸಬರು ನೋಡುವಂತೆ ಮಾಡಬೇಕು.

ಈಗ ಅಲ್ಲಿಗೆ ಹೊರಟ ಶಿಕ್ಷಕರು ವಿಮಲಾ ಅವರಿಗೆ ಫೋನ್ ಮಾಡುತ್ತಾರೆ. ಬಾಡಿಗೆ ಎಷ್ಟು, ಚಳಿ ಕೋಟು ಇಲ್ಲೇ ತಗೋಬೇಕಾ ಅಂತಲೇ ಹೆಚ್ಚಿನವರು ಕೇಳುವುದು. ಅದಕ್ಕೆಲ್ಲ ಉತ್ತರ ಕೊಟ್ಟ ಮೇಲೆ ಅವರು ಸಂದರ್ಶನದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಳ್ಳಲು ಹೇಳುತ್ತಾರೆ. ನಾನು ಕರೆದರೆ ತರಗತಿಗೆ ಯಾರು ಬರುತ್ತಾರೆ, ಎಷ್ಟು ನಿಮಿಷದಲ್ಲಿ? ಹೋದ ವರ್ಷ ಹೊರದೇಶದಿಂದ ಬಂದವರಲ್ಲಿ ಎಷ್ಟು ಜನ ಇನ್ನೂ ಇಲ್ಲಿದ್ದಾರೆ? ಒಂಬತ್ತನೇ ವರ್ಷದ ಮಕ್ಕಳ ಒಂದು ಪೀರಿಯಡ್ಡನ್ನು, ದಿನದ ಕೊನೆಯದ್ದನ್ನು, ವಿಡಿಯೊದಲ್ಲಿ ನೋಡಬಹುದಾ?